ಮೊದಲ ಬೈಕು: ಬೆಳೆಗಾರನಿಗೆ ಎಷ್ಟು ದೊಡ್ಡದು ಬೇಕು?

ಕೈಲ್‌ಪೊಳ್ದ್ ಕಳೆದು, ಮಳೆಯ ಆರ್ಭಟ ಇಳಿದು, ಕಾಫಿ ಕಾಯಿ ಬಲಿಯುವ ಈ ದಿನಗಳಲ್ಲಿ ಸಂಘದ ಜಗಲಿಯ ಮೇಲೆ ಒಂದು ಪ್ರಶ್ನೆ ವರ್ಷವೂ ತಪ್ಪದೆ ಕೇಳಿಬರುತ್ತದೆ. ಗೊಬ್ಬರಕ್ಕೆಂದು ಬಂದವರು, ಕರಿಮೆಣಸಿನ ಧಾರಣೆ ವಿಚಾರಿಸಲು ಬಂದವರು, ಹೋಗುವ ಮುಂಚೆ ಸ್ವಲ್ಪ ಸಂಕೋಚದಿಂದಲೇ ಕೇಳುತ್ತಾರೆ: "ಒಂದು ಬೈಕು ತೆಗೆಯೋಣ ಅಂತ ಇದ್ದೇನೆ. ಯಾವುದಾದೀತು?"

ಹೀಗೆ ಕೇಳುವವರು ಹದಿನೆಂಟು ತುಂಬಿದ ಹುಡುಗರಷ್ಟೇ ಎಂದು ತಿಳಿಯಬೇಡಿ. ಜೀಪಿನ ಖರ್ಚು ತಾಳಲಾರದೆ ಅದನ್ನು ಮಾರಿದ ಐವತ್ತರ ಬೆಳೆಗಾರರಿದ್ದಾರೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮೂರು ಎಕರೆ ತೋಟವನ್ನು ತಾವೇ ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಬಸ್ಸು ದಿನಕ್ಕೆರಡೇ ಬಾರಿ ಬರುವ ಊರಿನಲ್ಲಿ ಬೈಕು ಷೋಕಿಯ ವಸ್ತುವಲ್ಲ, ಕತ್ತಿ ಗುದ್ದಲಿಗಳಂತೆ ಅದೂ ಒಂದು ಉಪಕರಣ. ಆದರೆ ಕತ್ತಿ ಕೊಳ್ಳುವಾಗ ಹಿಡಿ ನಮ್ಮ ಕೈಗೆ ಕೂಡುತ್ತದೆಯೇ ಎಂದು ನೋಡುವ ನಾವು, ಬೈಕು ಕೊಳ್ಳುವಾಗ ಮಾತ್ರ ಪಕ್ಕದ ಮನೆಯವರು ಏನು ಕೊಂಡರೆಂದು ನೋಡುತ್ತೇವೆ. ಆದುದರಿಂದ ಈ ಸಂಚಿಕೆಯಲ್ಲಿ ಹೊಸದಾಗಿ ಬೈಕು ಕಲಿಯುವ ಸದಸ್ಯರಿಗಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಕಾಲು ನೆಲ ಮುಟ್ಟಲಿಲ್ಲ

ಬುದ್ಧಿ ಹೇಳುವ ಮೊದಲು ನಾವು ಬಿದ್ದ ಕಥೆಯನ್ನು ಹೇಳಿಬಿಡುವುದು ನ್ಯಾಯ.

ನಾವು ಬೈಕು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ, 2009ರಲ್ಲಿ. ಜೀಪು ಮಾರಿದ ಹಣದಲ್ಲಿ ಒಂದು ಪಾಲು ತೆಗೆದು, ದೊಡ್ಡ ಇಂಜಿನಿನ, ಸುಮಾರು ಇನ್ನೂರು ಕಿಲೋ ತೂಕದ ಹಳೆಯ ಬೈಕೊಂದನ್ನು ಕೊಂಡೆವು. ಕೊಂಡದ್ದಕ್ಕೆ ಕಾರಣ ಕೇಳಿದರೆ ಈಗ ನಗು ಬರುತ್ತದೆ. ಅದರ ಸದ್ದು ಚೆನ್ನಾಗಿತ್ತು. ನಮ್ಮ ಮೈಕಟ್ಟಿಗೆ ಒಪ್ಪುತ್ತದೆಂದು ನಾಲ್ಕು ಜನ ಹೇಳಿದರು. ಗದ್ದೆಯ ಬಯಲಿನ ನೇರ ರಸ್ತೆಯಲ್ಲಿ ಎರಡು ತಿಂಗಳು ಓಡಿಸಿ, ಕಲಿತಾಯಿತೆಂದು ತಿಳಿದೆವು.

ಡಿಸೆಂಬರ್ ತಿಂಗಳ ಒಂದು ಶನಿವಾರ. ಕೊಯ್ಲು ಆರಂಭವಾಗಿತ್ತು. ಬಟವಾಡೆಗೆ ಹಣ ತೆಗೆದುಕೊಂಡು ಸಂಜೆ ಮನೆಗೆ ಬರುತ್ತಿದ್ದೆವು. ಅಕಾಲದ ತುಂತುರು ಮಳೆ. ಮನೆಯ ಕೆಳಗಿನ ಏರಿನಲ್ಲಿ ಹಸುವೊಂದು ಅಡ್ಡ ನಿಂತಿತು. ಬ್ರೇಕು ಹಿಡಿದು ಗಾಡಿ ನಿಲ್ಲಿಸಿ, ಎಡಗಾಲು ಕೆಳಗಿಟ್ಟೆವು. ರಸ್ತೆಯ ಆ ಅಂಚು ಒಂದು ಗೇಣು ತಗ್ಗಿತ್ತು. ಕಾಲು ನೆಲ ಮುಟ್ಟಲಿಲ್ಲ. ಅಷ್ಟೇ. ವೇಗವಿಲ್ಲ, ಎದುರು ಲಾರಿಯಿಲ್ಲ. ಗಾಡಿ ಮೆಲ್ಲನೆ ವಾಲಿತು, ತಡೆಯಲು ಆಗಲಿಲ್ಲ, ನಮ್ಮ ಪಾದದ ಮೇಲೆಯೇ ಮಲಗಿತು.

ಕಣಕಾಲಿನ ಮೂಳೆ ಮುರಿದಿತ್ತು. ಆರು ವಾರ ಪಟ್ಟಿ, ಶಿವರಾತ್ರಿಯವರೆಗೆ ಊರುಗೋಲು. ಆ ವರ್ಷದ ಕೊಯ್ಲನ್ನು ಮನೆಯವರೇ ನಡೆಸಿದರು. ಕಾರ್ಮಿಕರನ್ನು ಕರೆತರುವುದು, ಕಣದಲ್ಲಿ ಕಾಫಿ ಒಣಗಿಸುವುದು, ಮಕ್ಕಳ ಶಾಲೆ, ಎಲ್ಲವೂ ಅವರ ತಲೆಯ ಮೇಲೆ ಬಿತ್ತು. ದೂರದ ತುಂಡಿನಲ್ಲಿ ಹಣ್ಣು ತಡವಾಗಿ ಕೊಯ್ದುದರಿಂದ ಬಹಳಷ್ಟು ನೆಲಕ್ಕೆ ಉದುರಿತು. ಉದುರನ್ನು ಆರಿಸಲು ಆಳು ಸಿಗಲಿಲ್ಲ. ಉದುರಿದ ಹಣ್ಣು ಕಾಯಿಕೊರಕಕ್ಕೆ ಮನೆಯಾಗುತ್ತದೆಂಬುದು ತಮಗೆಲ್ಲ ತಿಳಿದದ್ದೇ. ಮರುವರ್ಷ ಆ ತುಂಡಿನಲ್ಲಿ ಕೊರಕ ಹೆಚ್ಚಿತು. ಒಂದು ಗೇಣು ತಗ್ಗಿದ ನೆಲ ಎರಡು ವರ್ಷದ ಬೆಳೆಯನ್ನು ಮುಟ್ಟಿತು.

ಮುಂದೆ ಮನೆಯವರು ತಾವೇ ಗಾಡಿ ಕಲಿಯುತ್ತೇನೆಂದು ಹೊರಟಾಗ, ಯಾವ ಗಾಡಿ ಎಂದು ನಾವು ದೊಡ್ಡ ಮಾತು ಆರಂಭಿಸಿದೆವು. ಅವರು ತಡೆದು ಹೇಳಿದರು: "ನಿಮ್ಮ ಕಾಲು ನೆಲ ಮುಟ್ಟಲಿಲ್ಲ. ನನ್ನದು ಮುಟ್ಟಬೇಕು. ಅಷ್ಟು ನೋಡಿ ತೆಗೆಯಿರಿ."

ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿದೆ. ಉಳಿದದ್ದು ವಿವರಣೆ.

ಇಂಜಿನಿನ ಗಾತ್ರ ಎಷ್ಟು ಸಾಕು?

"ನಮ್ಮದು ಗುಡ್ಡದ ಊರು, ಸಣ್ಣ ಇಂಜಿನು ಹತ್ತೀತೇ?" ಎಂಬುದು ಎಲ್ಲರ ಮೊದಲ ಸಂಶಯ. ಲೆಕ್ಕ ಹಾಕಿ ನೋಡೋಣ.

ನೂರು ಸಿ.ಸಿ.ಯ ಬೈಕಿನ ತೂಕ 112 ಕಿಲೋ, ಸವಾರ 65 ಕಿಲೋ, ಹಿಂದೆ 50 ಕಿಲೋದ ಒಂದು ಚೀಲ. ಒಟ್ಟು 227 ಕಿಲೋ. ಎಂಟು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಕಡಿದಾದ ದಾರಿಯನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತಲು ಬೇಕಾಗುವುದು ಸುಮಾರು ಎರಡು ಅಶ್ವಶಕ್ತಿ. ಚಕ್ರದ ಉಜ್ಜಾಟ, ಚೈನಿನ ನಷ್ಟ ಸೇರಿಸಿದರೂ ಮೂರು. ನೂರು ಸಿ.ಸಿ.ಯ ಬೈಕು ಕೊಡುವುದು ಎಂಟರ ಆಸುಪಾಸು. ಮಡಿಕೇರಿಯ ಎತ್ತರದಲ್ಲಿ, ಅಂದರೆ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಮಿಕ್ಕಿದ ಎತ್ತರದಲ್ಲಿ, ಗಾಳಿ ತೆಳುವಾಗುವುದರಿಂದ ಯಾವ ಇಂಜಿನಿನ ಶಕ್ತಿಯೂ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಅದನ್ನು ಕಳೆದರೂ ಏಳು ಉಳಿಯಿತು. ಸರಿಯಾದ ಗೇರಿನಲ್ಲಿದ್ದರೆ ಏರು ಹತ್ತಲು ನೂರು ಸಿ.ಸಿ. ಧಾರಾಳವಾಗಿ ಸಾಕು. ಏರಿನಲ್ಲಿ ಗಾಡಿ ನಿಂತುಹೋಗುವುದು ಹೆಚ್ಚಾಗಿ ಇಂಜಿನಿನ ದೋಷದಿಂದಲ್ಲ. ಗೇರು ಇಳಿಸಲು ತಡಮಾಡುವ ಸವಾರನಿಂದ.

ಹಾಗಾದರೆ 125 ಸಿ.ಸಿ. ಯಾರಿಗೆ? ದಿನವೂ ಇಬ್ಬರು ಕೂತು ದೂರ ಹೋಗುವವರಿಗೆ, ಸಂಪಾಜೆಯಿಂದ ಮಡಿಕೇರಿಗೆ, ವಿರಾಜಪೇಟೆಯಿಂದ ಮಾಕುಟ್ಟದ ಘಾಟಿಗೆ ಪದೇಪದೇ ಹತ್ತಿ ಇಳಿಯುವವರಿಗೆ ಅದು ಅನುಕೂಲ. ಇಂಜಿನಿಗೆ ಆಯಾಸ ಕಡಮೆ. ಅದಕ್ಕಿಂತ ಮೇಲಿನದು ಹೊಸಬರಿಗೆ ಬೇಡ. ಎರಡು ಮಳೆಗಾಲ ಸಣ್ಣ ಗಾಡಿಯಲ್ಲಿ ಕಳೆದ ಮೇಲೆ ದೊಡ್ಡದು ಬೇಕೆನಿಸಿದರೆ ಆಗ ನೋಡಿಕೊಳ್ಳಬಹುದು.

ಮೈಸೂರಿನ ಜಾವಾದಿಂದ ಇಂದಿನವರೆಗೆ

ನಮ್ಮ ಜಿಲ್ಲೆಯ ಹಿರಿಯರಿಗೆ ಬೈಕು ಎಂದರೆ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. ಜೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಸಹಯೋಗ ಅದಕ್ಕಿತ್ತು. ಮಹಾರಾಜ ಜಯಚಾಮರಾಜ ಒಡೆಯರ ಪ್ರೋತ್ಸಾಹವೂ ಇತ್ತು. 1973ರ ಸುಮಾರಿಗೆ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 250 ಸಿ.ಸಿ.ಯ ಎರಡು ಹೊಡೆತದ ಇಂಜಿನು, ಇಬ್ಬದಿಯಲ್ಲೂ ಹೊಗೆ ಕೊಳವೆ, ಒದ್ದು ಚಾಲೂ ಮಾಡುವ ಪೆಡಲನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇಂದು ಅದೇ ಹೆಸರಿನಲ್ಲಿ ಬರುವ ಗಾಡಿಗಳು 2018ರ ನಂತರ ಬೇರೆ ಕಂಪೆನಿ ತಯಾರಿಸುತ್ತಿರುವಂಥವು.

ಸಣ್ಣ ಇಂಜಿನಿನ ಕಾಲ ಬಂದದ್ದು ಎಂಬತ್ತರ ದಶಕದಲ್ಲಿ. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಎಂಬ ಇಬ್ಬರು ಕೂರುವ ಮೊಪೆಡ್ಡು ಬಂದಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಹಾ ಆರ್.ಎಕ್ಸ್. 100, ಆ ಬಳಿಕ ಕವಾಸಾಕಿ ಬಜಾಜ್, ಹೀಗೆ ಜಪಾನಿನ ಸಹಯೋಗದಿಂದ ನೂರು ಸಿ.ಸಿ.ಯ ಬೈಕುಗಳು ಸಾಲಾಗಿ ಬಂದವು. ಇವುಗಳಲ್ಲಿ ಸಿ.ಡಿ. 100 ಮಾತ್ರ ನಾಲ್ಕು ಹೊಡೆತದ ಇಂಜಿನಿನದು. ಆರ್.ಎಕ್ಸ್. 100 ಚುರುಕಿಗೆ ಹೆಸರಾಯಿತು, ಸಿ.ಡಿ. 100 ಪೆಟ್ರೋಲಿನ ಉಳಿತಾಯಕ್ಕೆ. ಕೊನೆಗೆ ಉಳಿತಾಯವೇ ಗೆದ್ದಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಅದೇ ವಂಶದ್ದು. 2000ದಿಂದ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಎರಡು ಹೊಡೆತದ ಬೈಕುಗಳು ಮೆಲ್ಲಗೆ ಮರೆಯಾದವು.

ಈ ಹಳೆಯ ಸಂಗತಿ ಹೇಳಲು ಕಾರಣವುಂಟು. ಅಪ್ಪನ ಕಾಲದ ಜಾವಾ, ಅಣ್ಣನ ಕಾಲದ ಆರ್.ಎಕ್ಸ್. ರಿಪೇರಿ ಮಾಡಿಸಿ ಹುಡುಗನಿಗೆ ಕಲಿಯಲು ಕೊಡುವ ವಾಡಿಕೆ ಇದೆ. ಅದು ಒಳ್ಳೆಯದಲ್ಲ. ಎರಡು ಹೊಡೆತದ ಇಂಜಿನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಮೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹಳೆಯ ಡ್ರಮ್ ಬ್ರೇಕು ಒದ್ದೆಯಾದರೆ ಹಿಡಿಯುವುದೂ ಕಡಮೆ. ಹಳೆಯ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಳ್ಳಿ. ಕಲಿಯಲು ಮಾತ್ರ ಬೇರೆಯದು ಇರಲಿ.

ಕೊಳ್ಳುವ ಮೊದಲು ಆರು ಪರೀಕ್ಷೆ

ಅಂಗಡಿಯಲ್ಲಿ ಗಾಡಿಯ ಬಣ್ಣ ನೋಡುವ ಮೊದಲು ಈ ಆರನ್ನು ನೋಡಿ.

ಒಂದು, ಕಾಲು. ತೋಟಕ್ಕೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಸೀಟಿನ ಮೇಲೆ ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ತುದಿಬೆರಳಲ್ಲ. ಸ್ಪ್ಲೆಂಡರ್ ಪ್ಲಸ್ ಮತ್ತು ಹೋಂಡಾ ಶೈನ್ 100ರ ಸೀಟಿನ ಎತ್ತರ 785 ಮಿಲಿಮೀಟರಿನ ಆಸುಪಾಸು. ಕೆಲವು ಬೈಕುಗಳದು 800 ದಾಟುತ್ತದೆ. ಎರಡು ಸೆಂಟಿಮೀಟರು ಏನು ಮಹಾ ಎನ್ನಬೇಡಿ. ನಮ್ಮ ಕಣಕಾಲನ್ನು ಕೇಳಿ.

ಎರಡು, ತೂಕ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನೀವೊಬ್ಬರೇ ಎತ್ತಿ ನಿಲ್ಲಿಸಬೇಕು. ಸ್ವಲ್ಪ ಏರಿರುವ ಕಡೆ ಹಿಂದಕ್ಕೆ ತಳ್ಳಿ ತಿರುಗಿಸಿ ನೋಡಬೇಕು. ಆಗದಿದ್ದರೆ ಅದು ನಿಮ್ಮ ಗಾಡಿಯಲ್ಲ. ಹೊಸಬರಿಗೆ 100ರಿಂದ 120 ಕಿಲೋ ಒಳಗಿನದು ಹಿತ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ಸದಸ್ಯರಿಗೆ ಇದರ ಮಹತ್ವ ಬೇರೆ ಹೇಳಬೇಕಾಗಿಲ್ಲ. ಮುಂಜಾವದಲ್ಲಿ ತಿರುವಿನಾಚೆ ಆನೆ ನಿಂತಿದ್ದರೆ ಹಾರನ್ನು ಹೊಡೆಯುವಂತಿಲ್ಲ, ನುಗ್ಗುವಂತಿಲ್ಲ. ದೂರದಲ್ಲೇ ನಿಂತು, ಕಿರಿದಾದ ತೋಟದ ರಸ್ತೆಯಲ್ಲಿ ಗಾಡಿ ತಿರುಗಿಸಿ ಹಿಂದೆ ಬರಬೇಕು. ಇನ್ನೂರು ಕಿಲೋದ ಗಾಡಿ ಆ ಹೊತ್ತಿಗೆ ತಿರುಗುವುದಿಲ್ಲ.

ಮೂರು, ನೆಲದಿಂದ ಇಂಜಿನಿನ ಎತ್ತರ. ಲಾರಿಯ ಚಕ್ರ ಮಾಡಿದ ಗುಂಡಿಯಲ್ಲಿ, ಕಡಂಗ ದಾಟುವ ಕಡೆಯಲ್ಲಿ ಇಂಜಿನಿನ ತಳ ಕಲ್ಲಿಗೆ ತಾಗಬಾರದು. 165 ಮಿಲಿಮೀಟರು ಸಾಮಾನ್ಯ ರಸ್ತೆಗೆ ಸಾಕು. ತೋಟದೊಳಗಿನ ಕಲ್ಲುದಾರಿಯೇ ಹೆಚ್ಚಾದರೆ ಪ್ಲಾಟಿನಾದಂಥ 200 ಮಿಲಿಮೀಟರಿನದು ಒಳ್ಳೆಯದು. ಆದರೆ ಅದು ಹೆಚ್ಚಾದಂತೆ ಸೀಟೂ ಎತ್ತರವಾಗಬಹುದು. ಮೊದಲನೆಯ ಪರೀಕ್ಷೆಯನ್ನು ಮರೆಯಬಾರದು.

ನಾಲ್ಕು, ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಬೈಕುಗಳಿಗೆ ಕನಿಷ್ಠ ಸಂಯುಕ್ತ ಬ್ರೇಕಾದರೂ ಇರಬೇಕೆಂದು ನಿಯಮವಾಗಿದೆ. ಹಿಂದಿನ ಬ್ರೇಕು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹೊಸಬರಿಗೆ ಇದು ಉಪಕಾರಿ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಸಿಗುವುದಾದರೆ ಮಳೆಯ ನಾಡಿಗೆ ಅದು ಮೇಲು, ನೀರಿನಲ್ಲಿ ನೆನೆದರೂ ಬೇಗ ಹಿಡಿತಕ್ಕೆ ಬರುತ್ತದೆ.

ಐದು, ಒದೆಯುವ ಪೆಡಲು. ಗುಂಡಿ ಒತ್ತಿದರೆ ಚಾಲೂ ಆಗುವುದು ಸುಖವೇ. ಆದರೆ ಜುಲೈ ತಿಂಗಳಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿದಿದ್ದರೆ ಕಾಲಿನಿಂದ ಒದೆಯುವ ವ್ಯವಸ್ಥೆಯೇ ಗತಿ.

ಆರು, ಮೆಕ್ಯಾನಿಕ್ಕು. ನಿಮ್ಮೂರಿಗೆ ಹತ್ತಿರದ ಪೇಟೆ ಗೋಣಿಕೊಪ್ಪಲಾಗಲಿ, ಸೋಮವಾರಪೇಟೆಯಾಗಲಿ, ನಾಪೋಕ್ಲುವಾಗಲಿ, ಅಲ್ಲಿನ ಮೆಕ್ಯಾನಿಕ್ಕನ್ನು ಮೊದಲು ಕೇಳಿ: "ಇದರ ಕ್ಲಚ್ ಕೇಬಲ್, ಬ್ರೇಕ್ ಶೂ, ಚೈನ್ ಇವತ್ತು ಇಲ್ಲಿ ಸಿಗುತ್ತದೆಯೇ?" ಎಂದು. ಮೈಸೂರಿನಿಂದ ತರಿಸಬೇಕು ಎಂದರೆ ಕೊಯ್ಲಿನ ನಡುವೆ ಗಾಡಿ ಹತ್ತು ದಿನ ನಿಲ್ಲುವುದು ಖಂಡಿತ.

ಮೊಪೆಡ್ಡು, ಸ್ಕೂಟರು, ವಿದ್ಯುತ್ ಗಾಡಿ

ಗೇರಿನ ಗೋಜೇ ಬೇಡ ಎನ್ನುವವರಿಗೆ ಟಿ.ವಿ.ಎಸ್. ಎಕ್ಸ್.ಎಲ್. 100 ಪರಿಚಿತ. ತೂಕ 90 ಕಿಲೋದ ಒಳಗೆ, ಮುಂದಿನ ತಟ್ಟೆಯಲ್ಲಿ ಚೀಲ ಇಡುವ ಅನುಕೂಲ. ಅಡಿಕೆ ತೋಟದ ಸಮತಟ್ಟು ದಾರಿಗೆ, ಹಾಲು ಹಾಕಲು, ಅಂಗಡಿಗೆ ಹೋಗಲು ಇದಕ್ಕಿಂತ ಸುಲಭದ್ದಿಲ್ಲ. ಆದರೆ ಅಶ್ವಶಕ್ತಿ ನಾಲ್ಕರ ಸುಮಾರು, ಗೇರು ಒಂದೇ. ಭಾರ ಹೊತ್ತು ಉದ್ದದ ಏರು ಹತ್ತಲು ತ್ರಾಸ. ಇಳಿಯುವಾಗ ವೇಗ ಕಡಮೆಯಾದೊಡನೆ ಕ್ಲಚ್ ತಾನಾಗಿ ಬಿಟ್ಟುಕೊಳ್ಳುವುದರಿಂದ ಇಂಜಿನಿನ ಹಿಡಿತ ಸಿಗದು, ಬ್ರೇಕೊಂದೇ ಆಧಾರ. ಗುಡ್ಡದ ಮನೆಯವರು ಇದನ್ನು ಯೋಚಿಸಬೇಕು.

ಗೇರಿಲ್ಲದ ಸ್ಕೂಟರು ಟಾರು ರಸ್ತೆಗೆ ಹಿತ; ಚಕ್ರ ಸಣ್ಣದಾದುದರಿಂದ ಗುಂಡಿಯಲ್ಲಿ, ಜಲ್ಲಿಯಲ್ಲಿ ಕುಲುಕಾಟ ಹೆಚ್ಚು. ವಿದ್ಯುತ್ ಸ್ಕೂಟರು ಏರನ್ನು ಚೆನ್ನಾಗಿಯೇ ಹತ್ತುತ್ತದೆ, ಖರ್ಚೂ ಕಡಮೆ. ಆದರೆ ಮರ ಬಿದ್ದು ನಾಲ್ಕು ದಿನ ಕರೆಂಟು ಹೋಗುವ ಊರಿನಲ್ಲಿ ಮನೆಗೆ ಅದೊಂದೇ ಗಾಡಿಯಾದರೆ ಕಷ್ಟ.

ಹಳೆಯ ಗಾಡಿ ಕೊಳ್ಳುವವರಿಗೆ

ಕಲಿಯುವಾಗ ಒಂದೆರಡು ಸಾರಿ ಬೀಳಿಸುವುದು ಇದ್ದದ್ದೇ. ಆದುದರಿಂದ ನಾಲ್ಕೈದು ವರ್ಷ ಓಡಿದ ಒಳ್ಳೆಯ ಬೈಕು ಕೊಳ್ಳುವುದರಲ್ಲಿ ಜಾಣತನವಿದೆ. ಆರ್.ಸಿ.ಯಲ್ಲಿರುವ ಇಂಜಿನಿನ ಮತ್ತು ಚಾಸಿಯ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಡನೆ ತಾಳೆ ನೋಡಿ. ಬ್ಯಾಂಕಿನ ಸಾಲ ಬಾಕಿ ಇದ್ದರೆ ಅದು ಆರ್.ಸಿ.ಯಲ್ಲಿ ನಮೂದಾಗಿರುತ್ತದೆ; ತೀರಿದ ಪತ್ರವಿಲ್ಲದೆ ಹಣ ಕೊಡಬೇಡಿ. ನೋಂದಣಿಯ ಅವಧಿ 15 ವರ್ಷ. ಮುಗಿಯಲು ಎಷ್ಟಿದೆ ನೋಡಿ. ರಾಜ್ಯದೊಳಗಿನ ಗಾಡಿಯಾದರೆ 14 ದಿನಗಳೊಳಗೆ ಮಾಲೀಕತ್ವದ ಬದಲಾವಣೆಯನ್ನು ತಿಳಿಸಬೇಕು. "ಆಮೇಲೆ ಮಾಡಿಕೊಳ್ಳೋಣ" ಎಂದು ಬಿಟ್ಟವರು ಅಪಘಾತವಾದ ದಿನ ಪಶ್ಚಾತ್ತಾಪಪಟ್ಟಿದ್ದಾರೆ.

ಬೋರ್ಡೋ ದ್ರಾವಣದ ಡ್ರಮ್ಮು ಸಾಗಿಸಿದ ಗಾಡಿಯಾದರೆ ಕೆಳಭಾಗವನ್ನು ಬಗ್ಗಿ ನೋಡಿ. ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ನಿಮ್ಮ ಗಾಡಿಯ ಮೇಲೆ ಅದು ಚೆಲ್ಲಿದರೂ ಅಂದೇ ನೀರು ಹೊಯ್ದು ತೊಳೆಯಿರಿ.

ಕಾಗದ, ವಿಮೆ ಮತ್ತು ಮನೆಯ ಹುಡುಗರು

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ.

ಗೇರಿನ ಬೈಕಿಗೆ ಹದಿನೆಂಟು ತುಂಬಿರಬೇಕು. ಹದಿನಾರು ವರ್ಷದವರಿಗೆ ಕಾನೂನು ಅನುಮತಿ ಕೊಡುವುದು 50 ಸಿ.ಸಿ.ಗೆ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ಎಕ್ಸ್.ಎಲ್. 100 ನೋಡಲು ಸಣ್ಣದು, ಆದರೆ ಇಂಜಿನು 99.7 ಸಿ.ಸಿ. ಹತ್ತನೆಯ ತರಗತಿಯ ಹುಡುಗನ ಕೈಗೆ ಅದನ್ನು ಕೊಟ್ಟು ಸೀಮೆಗೊಬ್ಬರ ತರಲು ಕಳಿಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಇದಕ್ಕೆ ತಂದೆ ಅಥವಾ ಗಾಡಿಯ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಅದಕ್ಕಿಂತ ದೊಡ್ಡ ಭಯ ಬೇರೆ. ಲೈಸೆನ್ಸಿಲ್ಲದ ಹುಡುಗ ಯಾರಿಗಾದರೂ ಗುದ್ದಿದರೆ ಪರಿಹಾರದ ಹಣವನ್ನು ವಿಮಾ ಕಂಪೆನಿ ಮಾಲೀಕನಿಂದ ವಸೂಲು ಮಾಡಬಹುದು. ಸಣ್ಣ ಹಿಡುವಳಿದಾರನಿಗೆ ಅದು ತೋಟ ಮಾರುವ ಮಾತು.

ಕಲಿಕಾ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಪಡೆದ ಮೂವತ್ತು ದಿನಗಳ ಬಳಿಕ ಪರೀಕ್ಷೆಗೆ ಹೋಗಬಹುದು. ಐವತ್ತರ ಹಿರಿಯರು "ಈ ವಯಸ್ಸಿನಲ್ಲಿ ಪರೀಕ್ಷೆಯೇ" ಎಂದು ನಾಚಬೇಕಾಗಿಲ್ಲ; ನಾವೂ ಎಂಟು ಬರೆದು ಬಂದವರೇ.

ವಿಮೆಯ ಕಾಗದವನ್ನು ಪೆಟ್ಟಿಗೆಯಲ್ಲಿ ಇಡುವ ಮೊದಲು ಓದಿ. ಮೂರನೆಯವರ ವಿಮೆ ಎದುರಿನವರಿಗೆ ಮಾತ್ರ. ಸವಾರನಿಗೆ ಅದರಲ್ಲಿ ಕಾಸೂ ಇಲ್ಲ. ಸವಾರನಿಗಿರುವುದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ, ಮೊತ್ತ 15 ಲಕ್ಷ ರೂಪಾಯಿ. ಅದು ಸಲ್ಲುವುದು ಆರ್.ಸಿ.ಯಲ್ಲಿ ಹೆಸರಿರುವ, ಲೈಸೆನ್ಸು ಇರುವ ಮಾಲೀಕನಿಗೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಓಡಿಸುವುದು ಮಗನಾದರೆ, ಮಗನಿಗೆ ಅದು ಸಿಗದು. ಆದುದರಿಂದ ಓಡಿಸುವವರ ಹೆಸರಿನಲ್ಲೇ ಗಾಡಿ ಇರಲಿ, ಇಲ್ಲವೇ ಅವರಿಗೆ ಬೇರೆ ಅಪಘಾತ ವಿಮೆ ಮಾಡಿಸಿ.

ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು, ಐ.ಎಸ್. 4151 ಎಂಬ ಸಂಖ್ಯೆ ಇರಬೇಕು. ದಾರಿಬದಿಯ ಅಗ್ಗದ ಟೋಪಿ ಪೊಲೀಸರಿಗೆ ತೋರಿಸಲು ಆದೀತು, ತಲೆಗೆ ಆಗದು. ಗಲ್ಲದ ಪಟ್ಟಿ ಕಟ್ಟದಿದ್ದರೆ ಹಾಕಿಯೂ ಹಾಕದಂತೆಯೇ. ತೋಟದೊಳಗೆ ಯಾರು ಕೇಳುತ್ತಾರೆ ಎನ್ನುವವರಿಗೆ ಒಂದೇ ಮಾತು: ತೋಟದೊಳಗೂ ಕಲ್ಲು ಕಲ್ಲೇ.

ಕಣವೇ ಪಾಠಶಾಲೆ

ಕಲಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಕಾಫಿ ಬರುವ ಮೊದಲು ಕಣ ಖಾಲಿ. ಮಳೆಗಾಲದ ಪಾಚಿಯನ್ನು ಹೇಗೂ ಉಜ್ಜಿ ತೆಗೆಯಬೇಕು. ತೆಗೆದು, ಒಣಗಿದ ಮೇಲೆ ಅಲ್ಲಿಯೇ ಕಲಿಯಿರಿ. ನಮ್ಮ ಮನೆಯವರು ಕಲಿತದ್ದು ಹೀಗೆ.

ಮೊದಲ ದಿನ ಇಂಜಿನು ಚಾಲೂ ಮಾಡಲಿಲ್ಲ. ಗಾಡಿಯನ್ನು ತಳ್ಳಿದರು, ತಿರುಗಿಸಿದರು, ಬ್ರೇಕು ಹಿಡಿದು ನಿಲ್ಲಿಸಿದರು. ಎರಡನೆಯ ದಿನ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಟ್ಟು ನಾಲ್ಕು ಹೆಜ್ಜೆ ಸಾಗುವುದು, ನಿಲ್ಲುವುದು; ಐವತ್ತು ಸಾರಿ. ಮೂರನೆಯ ದಿನದಿಂದ ತಿರುವು. ಕಣ್ಣು ಚಕ್ರದ ಮುಂದಿನ ನೆಲ ನೋಡಬಾರದು. ಹೋಗಬೇಕಾದ ಕಡೆ ನೋಡಬೇಕು. ಒಂದು ವಾರದ ಬಳಿಕ ಎರಡನೆಯ ಗೇರು. ಹದಿನೈದು ದಿನ ಕಳೆದ ಮೇಲಷ್ಟೆ ರಸ್ತೆ.

ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು. ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಎಡಗಾಲು ನೆಲದ ಮೇಲೆ, ಮೊದಲ ಗೇರು. ಕ್ಲಚ್ಚು ಬಿಡುತ್ತ ಬಂದಾಗ ಇಂಜಿನಿನ ಸದ್ದು ಸ್ವಲ್ಪ ಕುಗ್ಗುತ್ತದೆ. ಆಗ ಸ್ವಲ್ಪ ಎಕ್ಸಿಲೇಟರು ಕೊಟ್ಟು ಬ್ರೇಕು ಬಿಡಬೇಕು. ನಿಲ್ಲಿಸುವ ಮೊದಲೇ ಎಡಗಡೆಯ ನೆಲ ಎಷ್ಟು ತಗ್ಗಿದೆ ಎಂದು ಒಮ್ಮೆ ಕಣ್ಣಾಡಿಸಿ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಇಳಿಯುವಾಗ, ಆ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಬಿಟ್ಟು ಇಳಿಯುವ ಚಾಳಿ ನಮ್ಮಲ್ಲಿ ಬಹಳ ಇದೆ. ಉಳಿಯುವುದು ಒಂದು ಚಮಚ, ಹೋಗುವುದು ಪ್ರಾಣ.

ಮಳೆಯಲ್ಲಿ, ಭಾರದಲ್ಲಿ

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರು ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗುವುದರೊಳಗೆ ಆ ದೂರ ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಮಂಜು ಮುಸುಕಿದಾಗ ಕಾಣುವಷ್ಟು ದೂರದಲ್ಲಿ ನಿಲ್ಲುವ ವೇಗವೇ ಸರಿಯಾದ ವೇಗ.

ಸಿಲ್ವರ್ ಓಕಿನ ಒದ್ದೆ ಎಲೆ, ಕಾಂಕ್ರೀಟಿನ ಮೇಲಿನ ಪಾಚಿ, ಚೆಲ್ಲಿದ ಕಾಫಿ ಸಿಪ್ಪೆ, ಲಾರಿಯಿಂದ ಸೋರಿದ ಡೀಸೆಲ್ಲು, ಇವು ನಾಲ್ಕು ನಮ್ಮ ರಸ್ತೆಯ ಶತ್ರುಗಳು. ಇವುಗಳ ಮೇಲೆ ಬ್ರೇಕು ಹಿಡಿಯಬೇಡಿ, ವಾಲಬೇಡಿ. ಮೊದಲೇ ವೇಗ ತಗ್ಗಿಸಿ ನೇರವಾಗಿ ದಾಟಿ. ತೋಡಿನ ನೀರು ದಾಟಿದ ಬಳಿಕ ಡ್ರಮ್ ಬ್ರೇಕನ್ನು ಮೆಲ್ಲನೆ ಒತ್ತುತ್ತ ನೂರು ಅಡಿ ಹೋಗಿ ಒಣಗಿಸಿಕೊಳ್ಳಿ. ಟೈರಿನ ಗೆರೆ ಸವೆದಿದ್ದರೆ ಜೂನ್‌ಗೆ ಮೊದಲು ಬದಲಿಸಿ. ಚೈನಿಗೆ ಮಳೆಗಾಲದಲ್ಲಿ ಐನೂರು ಕಿಲೋಮೀಟರಿಗೊಮ್ಮೆಯಾದರೂ ಎಣ್ಣೆ ಬೇಕು.

ಭಾರದ ಮಿತಿ ಗಾಡಿಯ ಕೈಪಿಡಿಯಲ್ಲಿರುತ್ತದೆ. ನೂರು ಸಿ.ಸಿ.ಯ ಬೈಕಿಗೆ ಅದು ಸಾಮಾನ್ಯವಾಗಿ ಸವಾರನೂ ಸೇರಿ 130 ಕಿಲೋದ ಆಸುಪಾಸು. 65 ಕಿಲೋದ ಸವಾರ, 50 ಕಿಲೋದ ಚೀಲ: ಅಲ್ಲಿಗೆ ಮುಗಿಯಿತು. ಎರಡನೆಯ ಚೀಲವಾಗಲಿ, ಅದರ ಮೇಲೆ ಇನ್ನೊಬ್ಬರಾಗಲಿ ಕೂಡದು. ಚೀಲ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಜೋತುಬಿದ್ದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲು ಮಾತು ಕೇಳುವುದಿಲ್ಲ. ಹೊಸಬರು ಮೊದಲ ಮೂರು ತಿಂಗಳು ಚೀಲವನ್ನೂ ಹೊರಬಾರದು, ಹಿಂದೆ ಯಾರನ್ನೂ ಕೂರಿಸಬಾರದು.

ಕೊನೆಯ ಮಾತು

ಈ ವರ್ಷ ನಮ್ಮ ಅಣ್ಣನ ಮಗನಿಗೆ ಹದಿನೆಂಟು ತುಂಬಿತು. ದೊಡ್ಡ ಇಂಜಿನಿನ ಬೈಕಿನ ಚಿತ್ರ ಹಿಡಿದು ಬಂದ. "ಚಿಕ್ಕಪ್ಪಾ, ಅಪ್ಪನಿಗೆ ನೀವು ಒಂದು ಮಾತು ಹೇಳಿ" ಎಂದ. ನಾವೇನೂ ಹೇಳಲಿಲ್ಲ. ಅವನನ್ನು ಮನೆಯ ಕೆಳಗಿನ ಏರಿಗೆ ಕರೆದುಕೊಂಡು ಹೋಗಿ, ಆ ತಗ್ಗಿನ ಅಂಚಿನಲ್ಲಿ ಮನೆಯವರ ಗಾಡಿಯ ಮೇಲೆ ಕೂರಿಸಿ, ಎಡಗಾಲು ಇಳಿಸು ಎಂದೆವು. ಆರಡಿ ಹುಡುಗ, ಆದರೂ ತುದಿಬೆರಳಷ್ಟೇ ಊರಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರರದ್ದೇ ಸಾಕು ಚಿಕ್ಕಪ್ಪಾ, ಎರಡು ವರ್ಷ" ಎಂದ. ಈಗ ದಿನಾ ಸಂಜೆ ನಮ್ಮ ಕಣದಲ್ಲಿ ಸುತ್ತುತ್ತಿದ್ದಾನೆ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಬೈಕು ಕೊಳ್ಳುವುದಿದ್ದರೆ ಈಗಲೇ ಕೊಳ್ಳಿ. ಸಣ್ಣದನ್ನು, ಹಗುರವಾದುದನ್ನು, ಕಾಲಿಗೆ ಎಟಕುವುದನ್ನು ಕೊಳ್ಳಿ. ಕೊಯ್ಲಿನ ಗಡಿಬಿಡಿಯಲ್ಲಿ ಕಲಿಯಲು ಹೊರಡಬೇಡಿ. ಕಣ ಇನ್ನೂ ಖಾಲಿ ಇದೆ. ಹಣ್ಣು ಬಂದು ಬೀಳುವ ಮೊದಲು ಕಲಿತು ಮುಗಿಸಿ.